ಅವ್ವನ ಕಾಲು ನೋಡಿದ ಡಾಕ್ಟರು

ಸಂಶೋಧನಾ ವಿಧಾನದ ಪಾಠ ಮಾಡುವಾಗ ಹುಡುಗರು ಪ್ರತಿ ವರ್ಷ ಅದೇ ತಕರಾರು ತೆಗೆಯುತ್ತಿದ್ದರು: ಒಂದೇ ಪ್ರಕರಣ ನೋಡಿದರೆ ಏನು ತಿಳಿಯುತ್ತದೆ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಸಹಿಸಿಕೊಂಡು ಅವ್ವನ ಕಾಲಿನ ಕಥೆ ಹೇಳುತ್ತಿದ್ದೆ.

ಕಲಬುರಗಿ ಸೀಮೆಯ ಕಮಲಾಪುರದಲ್ಲಿ ನಮ್ಮ ಮನೆಯವರೆಲ್ಲ ಒಂದೇ ಮೆಟ್ಟಿಲ ಬಾವಿಯ ನೀರು ಕುಡಿಯುತ್ತಿದ್ದೆವು. ಬೇಸಿಗೆಯಲ್ಲಿ ನಾರುಹುಣ್ಣು ಏಳುತ್ತಿದ್ದುದು ಮಾತ್ರ ಅವ್ವನೊಬ್ಬಳಿಗೇ. ಹುಣ್ಣಿನಿಂದ ಹೊರಬರುವ ದಾರದಂಥ ಹುಳವನ್ನು ಕಡ್ಡಿಗೆ ಸುತ್ತುತ್ತ ವಾರಗಟ್ಟಲೆ ಮಲಗಿರುತ್ತಿದ್ದಳು. ಕಾಲು ಸೆಟೆಯತೊಡಗಿತ್ತು, ಇನ್ನೊಂದು ಸಲ ಬಂದರೆ ಅವಳ ನಡಿಗೆ ಮುಗಿದಂತೆಯೇ. ನೆರೆಯವರು ಹಣೆಬರಹ ಎಂದರು. ಹಣೆಬರಹ ಕಾಲಿನಲ್ಲೇಕೆ ಏಳಬೇಕೋ!

ನಿಜಾಮರ ಕಾಲದ ಕೊನೆಯಲ್ಲಿ ಕಲಬುರಗಿಯ ರೋಜಾ ಓಣಿಯಿಂದ ಒಬ್ಬ ಮುಸ್ಲಿಂ ಡಾಕ್ಟರು ನಾರುಹುಣ್ಣಿನ ಮೂಲ ಹುಡುಕುತ್ತ ಬಂದರು. ಊರೆಲ್ಲ ತಿರುಗದೆ ನಮ್ಮ ಅಂಗಳದಲ್ಲೇ ಕೂತು ಅವ್ವನ ದಿನಚರಿ ನೋಡಿದರು. ಅಪ್ಪ ನಕ್ಕರೆ ಡಾಕ್ಟರು ಹೇಳಿದರು: “ಒಂದು ಮನಿ ಪೂರಾ ತಿಳೀತಂದ್ರ, ಉಳಿದ ಮನ್ಯಾಗ ಏನ್ ಕೇಳಬೇಕಂತ ಗೊತ್ತಾಗ್ತದ್ರಿ.”

ನಾವು ಕುಡಿಯುವ ನೀರನ್ನು ಅವ್ವ ಹಳೇ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಲಿಂಗಪೂಜೆಗೆ ಮಡಿಯಲ್ಲಿ ತಂದ ನೀರಿಗೆ ಮಾತ್ರ ಬಟ್ಟೆ ಸೋಕುವಂತಿರಲಿಲ್ಲ. ಪೂಜೆ ಮುಗಿಸಿ ಅದನ್ನೇ ಕುಡಿಯುತ್ತಿದ್ದಳು. ನಾವೋ, ಆ ನೀರಿಗೆ ಕಾಯದೆ ವಿಭೂತಿ ಹಚ್ಚಿಕೊಂಡು ರೊಟ್ಟಿಗೆ ಓಡುವ ಜಾತಿ.

“ಅಮ್ಮಾ, ಆ ನೀರು ಸೋಸೀರೇನ್ರಿ?” ಡಾಕ್ಟರು ಅಂಗಳದಿಂದಲೇ ಕೇಳಿದರು.

“ದೇವರ ನೀರು ಸೋಸ್ತಾರೇನ್ರಿ ಸಾಹೇಬ್ರ? ಮೈಲಿಗಿ ಆಗ್ತದ.”

“ಆ ಹುಳದ ಮರಿ ನೀರಾಗ ಇರ್ತದ್ರಿ. ಯಾರೂ ಉಡದ ಹೊಸಾ ಬಟ್ಟಿ ಆದ್ರ? ನಾನೂ ಮುಟ್ಟೂದಿಲ್ರಿ.”

ಮರುದಿನ ಬೆಳಿಗ್ಗೆ ಅವ್ವ ದೇವರ ನೀರು ಸೋಸಲು ಹೊಸ ಸೀರೆಯ ಸೆರಗು ಹರಿದಳು.

ಮುಂದಿನ ಬೇಸಿಗೆಯಲ್ಲಿ ಹುಣ್ಣು ಏಳಲಿಲ್ಲ. ಅದೇ ವರ್ಷ ನಿಜಾಮರ ಪರದ ರಜಾಕಾರರ ಹೆದರಿಕೆಗೆ ನಮ್ಮ ಓಣಿಯವರೆಲ್ಲ ಊರು ಬಿಟ್ಟೆವು. ತಂಗಿಯನ್ನು ಕಂಕುಳಲ್ಲಿ ಹೊತ್ತು ಅವ್ವ ನಮಗಿಂತ ಮುಂದೆ ನಡೆದಳು. ಆ ಡಾಕ್ಟರು ಇಲ್ಲದಿದ್ದರೆ ಅವಳನ್ನು ಯಾರು ಹೊರುತ್ತಿದ್ದರು? ನೆನೆದರೆ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ.

ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ಮೇಲೆ ಹೆದರಿಕೆ ಮುಸ್ಲಿಮರ ಓಣಿಗೆ ದಾಟಿತು. ಊರಿಗೆ ಮರಳಿದ ಅವ್ವನಿಗೆ ಒಂದೇ ಚಿಂತೆ. “ಸಾಹೇಬ್ರು ಉಳದಾರೋ ಇಲ್ಲೋ,” ಎನ್ನುತ್ತ ನನ್ನನ್ನೂ ಕರೆದುಕೊಂಡು ಕಲಬುರಗಿಗೆ ಹೊರಟಳು. ರೋಜಾದಲ್ಲಿ ಡಾಕ್ಟರ ಮನೆಯ ಕದ ಎಷ್ಟು ಬಡಿದರೂ ತೆರೆಯಲಿಲ್ಲ.

“ಕಮಲಾಪುರದಾಕಿರಿ. ನಾರುಹುಣ್ಣಿನಾಕಿ,” ಎಂದು ಅವ್ವ ಕೂಗಿದಳು.

ಅಗುಳಿ ಸರಿಯಿತು. ಸೊರಗಿ ಹೋಗಿದ್ದ ಡಾಕ್ಟರು ಅವ್ವನ ಮುಖ ನೋಡಲಿಲ್ಲ. ಮೊದಲು ಕಾಲು ನೋಡಿದರು.

“ನಡಕೊಂತ ಬಂದೀರಿ, ಅಮ್ಮಾ,” ಎಂದು ಅತ್ತರು.