ನಿಂತ ರೈಲಿನಲ್ಲಿ ಓದಿದ್ದು

'ನಿನ್ನಿಂದ ಡಿಗ್ರಿ ಆಗ್ಲಿಕ್ಕುಂಟಾ ಮಾರಾಯ?' ಎಂದು ನಕ್ಕವರು ನನ್ನ ದೊಡ್ಡಪ್ಪ. ಆಗಿಯೇ ಆಗುತ್ತದೆ ಎಂಬಂತೆ ನಡೆದುಕೊಂಡವರು ವಲ್ಲಾರ್ಪಾಡಂ ಬಂದರಿನಲ್ಲಿ ನಮ್ಮ ಸೂಪರ್‌ವೈಸರ್, ಧಾರವಾಡದ ಕಡೆಯವರು. ಹಡಗು ತಡವಾಯಿತೆಂದು ನಾವು ಗೊಣಗಿದರೆ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು: 'ಹಡಗು ನಿನ್ನ ಕೈಯಾಗ ಐತೇನು? ಏನೈತಿ ಅದನ್ನ ಮಾಡು.'

ನನ್ನ ಕೊನೆಯ ಪರೀಕ್ಷೆ ತಿರುವನಂತಪುರದಲ್ಲಿತ್ತು. ಅವರ ಮನೆಯೂ ಅಲ್ಲೇ. ಹೆಂಡತಿಗೆ ಅಲ್ಲಿ ಕೇಂದ್ರ ಸರ್ಕಾರದ ಕೆಲಸ. ಪರೀಕ್ಷೆಯ ದಿನ ಇಬ್ಬರೂ ಒಂದೇ ರೈಲಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ರೈಲು ನಿಂತುಬಿಟ್ಟಿತು.

'ನನ್ನ ವರ್ಷವೇ ಹೋಯ್ತು ಸರ್' ಎಂದೆ.

'ರೈಲು ನೀ ನಡಸ್ತೀಯೇನೋ? ಪುಸ್ತಕ ತೆಗಿ.'

ತೆಗೆದು ಓದಿದೆ. ಅವರು ಎದುರಿಗೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಕೊನೆಗೂ ರೈಲು ಹೊರಟಿತು. ಪರೀಕ್ಷೆಯ ಬೆಲ್ ಹೊಡೆದ ಮೇಲೆ ಓಡಿಹೋಗಿ ಹಾಲ್ ಸೇರಿಕೊಂಡು ಬರೆದೆ. ನಮ್ಮ ಕುಟುಂಬದ ಮೊದಲ ಪದವೀಧರನಾದೆ.

ಸರ್ಟಿಫಿಕೇಟು ಬಂದಾಗ ಅವರ ಮನೆಗೇ ಒಯ್ದು ಕೈಗಿಟ್ಟೆ. ಅವರು ಕನ್ನಡಕ ಹುಡುಕುತ್ತಿದ್ದಾಗ ಅವರ ಹೆಂಡತಿ ಹೇಳಿದರು:

'ಅವತ್ತ ನನಗ ಹಾರ್ಟ್ ಆಪರೇಷನ್ ಇತ್ತು ತಮ್ಮಾ. ರೈಲು ನಿಂತಾಗ ಇವರಿಗೆ ಕೈಕಾಲೇ ಆಡಲಿಲ್ಲಂತ. ಆ ಹುಡುಗ ಓದೂದು ನೋಡಿಕೋಂತ ಧೈರ್ಯ ತಂದುಕೊಂಡೆ ಅಂತ ಈಗಲೂ ಹೇಳ್ತಾರ.'