ಕಾಂಪೌಂಡರ್ ಭಾವ ತೆಗೆದ ಬಾಲಗಳು

ಪ್ರಾಣಿಗಳೆಂದರೆ ನಮ್ಮ ಭಾವನಿಗೆ ಪ್ರಾಣ. ಭಾವ ಎಂದರೆ ಪ್ರಾಣಿಗಳಿಗೆ ಸಾಕ್ಷಾತ್ ಯಮ. ಇದರಲ್ಲಿ ಎರಡು ಕಡೆಯವರದ್ದೂ ತಪ್ಪಿಲ್ಲ. ಭಾವ ಪಶು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಂಪೌಂಡರ್. ಡಾಕ್ಟರು ಎರಡು ಸೆಕೆಂಡಿನಲ್ಲಿ ಚುಚ್ಚಿ, ಬೆನ್ನು ಸವರಿ, ಬಿಸ್ಕತ್ತು ಕೊಟ್ಟು ಒಳ್ಳೆಯವರಾಗಿಬಿಡುತ್ತಾರೆ. ಅದಕ್ಕೆ ಮುಂಚಿನ ಹತ್ತು ನಿಮಿಷ ಕತ್ತು, ಕಾಲು, ಬಾಯಿ ಅದುಮಿ ಹಿಡಿದುಕೊಳ್ಳುವವರು ಭಾವ. ನಾಯಿಗೇನು ಗೊತ್ತು ಲಸಿಕೆಯ ಮಹಿಮೆ? ಅದಕ್ಕೆ ಗೊತ್ತಿರುವುದು ಹಿಡಿದ ಕೈ. ಆ ಕೈಯ ಸ್ಪಿರಿಟ್ ವಾಸನೆ ಬೀದಿಯ ತಿರುವಿಗೆ ಬಂದರೆ ಸಾಕು, ನಾಯಿಗಳು ಜಾಗ ಖಾಲಿ ಮಾಡುತ್ತವೆ, ಬೆಕ್ಕುಗಳು ಕಾಂಪೌಂಡು ಹತ್ತುತ್ತವೆ, ಹಾಲಿನವರ ಹಸು ಮೇವು ಬಿಟ್ಟು ಗೋಡೆಯ ಕಡೆ ತಿರುಗಿ ನಿಲ್ಲುತ್ತದೆ. "ಇವರ ಜೊತೆ ವಾಕಿಂಗ್ ಹೋದ್ರೆ ನಾಯಿ ಕಾಟ ಇಲ್ಲ" ಎಂದು ಅಕ್ಕ ಮೆಚ್ಚಿಕೊಳ್ಳುತ್ತಾಳೆ. ಭಾವನಿಗೆ ಅದು ಯಾವತ್ತೂ ಮೆಚ್ಚುಗೆ ಅನ್ನಿಸಿದ್ದಿಲ್ಲ.

ಇಂಥವರ ಕೈಗೆ ಕ್ಯಾಮೆರಾ ಕೊಟ್ಟ ಪುಣ್ಯಾತ್ಮ ನಾನೇ. ನನ್ನದು ಸಣ್ಣ ಫೋಟೋ ಅಂಗಡಿ. ಗುರುತಿನ ಚೀಟಿಯ ಫೋಟೋ, ಲ್ಯಾಮಿನೇಶನ್, ಫ್ರೇಮ್ ಹಾಕುವುದು, ಇಷ್ಟೇ. ಹೊಸ ಕ್ಯಾಮೆರಾ ಬಂದ ಮೇಲೆ ಹಳೆಯದನ್ನು ಭಾವನಿಗೆ ದಾಟಿಸಿದೆ. ನನ್ನನ್ನು ಕೊಡುಗೈ ದಾನಿ ಅಂದುಕೊಳ್ಳಬೇಡಿ, ಅದರ ಬ್ಯಾಟರಿ ಮುಚ್ಚಳ ನಿಲ್ಲುತ್ತಿರಲಿಲ್ಲ. ಭಾವ ಆಸ್ಪತ್ರೆಯ ಪ್ಲಾಸ್ಟರು ಸುತ್ತಿ ಅದನ್ನು ಸರಿಮಾಡಿಕೊಂಡರು. ನಾನು ಗುರುವಿನ ಗತ್ತಿನಲ್ಲಿ ಮೂರು ಪಾಠ ಹೇಳಿದೆ. ಪ್ರಾಣಿಯ ಎತ್ತರಕ್ಕೆ ಇಳಿಯಿರಿ, ಕಣ್ಣಿಗೆ ಫೋಕಸ್ ಮಾಡಿ, ಕಾಯಿರಿ. ಅವರು ಅದನ್ನು ಒಂದು ಲಸಿಕೆ ಕಾರ್ಡಿನ ಹಿಂದೆ ಬರೆದು ಜೇಬಿಗಿಟ್ಟುಕೊಂಡರು.

ತಿಂಗಳ ಕೊನೆಗೆ ಮುನ್ನೂರು ಚಿತ್ರ ತಂದರು. ಅಂಗಡಿಯ ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡಿದೆವು. ಓಡುವ ನಾಯಿಯ ಹಿಂಭಾಗ. ಹಾರುವ ಕಾಗೆಯ ಹಿಂಭಾಗ. ಕಿಟಕಿಯೊಳಗೆ ನುಗ್ಗುತ್ತಿರುವ ಬೆಕ್ಕಿನ ಅರ್ಧ ಹಿಂಭಾಗ. ಊಟದ ಡಬ್ಬಿ ಕೊಡಲು ಬಂದಿದ್ದ ಅಕ್ಕ ಹಿಂದೆ ನಿಂತು ನೋಡಿ, "ಇದೇನ್ರೀ, ಬರೀ ಅಂಡೇ ಇದೆಯಲ್ಲ?" ಎಂದಳು.

"ಬೆಳಕು ನೋಡೇ, ಎಷ್ಟು ಚೆನ್ನಾಗಿ ಬಿದ್ದಿದೆ" ಎಂದರು ಭಾವ.

ಹಾಗೆ ನೋಡಿದರೆ ಅದು ಸುಳ್ಳಲ್ಲ. ಮನುಷ್ಯ ಕಲಿಯುತ್ತಿದ್ದರು. ಎರಡನೆಯ ತಿಂಗಳಿಗೆ ಹಿಂಭಾಗಗಳು ಅಲುಗಾಡುವುದು ನಿಂತಿತು. ಮೂರನೆಯ ತಿಂಗಳಿಗೆ ಬಾಲದ ಕೂದಲನ್ನು ಎಣಿಸಬಹುದಿತ್ತು. ಬೆಳಗಿನ ಬೆಳಕು ಯಾವಾಗ ಹಳದಿ, ಯಾವಾಗ ಬಿಳಿ ಎಂದು ನನಗೇ ಹೇಳುವಷ್ಟಾದರು. ಆದರೆ ಮುಖ ಮಾತ್ರ ಒಂದೂ ಸಿಗಲಿಲ್ಲ. ಒಮ್ಮೆ ಬಸವನಹುಳುವಿನ ಮುಂದೆ ಅರ್ಧ ಗಂಟೆ ಬೋರಲು ಮಲಗಿದ್ದರಂತೆ. ಅದೂ ತಲೆ ಒಳಗೆಳೆದುಕೊಂಡಿತು. "ಅದಕ್ಕೆ ಯಾವತ್ತು ಚುಚ್ಚಿಸಿದ್ರಿ, ಭಾವ?" ಎಂದು ಕೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅಷ್ಟರಲ್ಲಿ ಲೈಬ್ರರಿ ಮೇಡಂ ಬಂದರು. ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಒತ್ತುತ್ತಾ ಕೂರುವ ಒಂಟಿ ಹೆಂಗಸು. ಅವರ ನಾಯಿಗೆ ದೊರೆ ಎಂದು ಹೆಸರು. ಕಂದು ಬಣ್ಣ, ಹರಿದ ಎಡಗಿವಿ, ತುದಿಯಲ್ಲಿ ಸುಣ್ಣ ಹಚ್ಚಿದಂಥ ಬಾಲ. ಹಿಂದೆಂದೋ ಸೈಕಲ್ಲಿಗೆ ಸಿಕ್ಕು ಹಿಂಗಾಲೊಂದು ಸೊಟ್ಟಗಾಗಿತ್ತು. ಆ ಕಾಲಿಗೆ ಪಟ್ಟಿ ಕಟ್ಟುವಾಗ ಹಿಡಿದುಕೊಂಡವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಈಗ ದೊರೆಯ ಹೃದಯ ಊದಿದೆ, ಹೆಚ್ಚೆಂದರೆ ಮೂರು ತಿಂಗಳು ಎಂದು ಡಾಕ್ಟರು ಹೇಳಿದ್ದರು.

"ನಿಮ್ಮ ಹತ್ರ ಕ್ಯಾಮೆರಾ ಇದೆಯಂತೆ" ಎಂದರು ಮೇಡಂ ಭಾವನಿಗೆ. "ಇವನ ಮುಖದ್ದೊಂದು ಫೋಟೋ ಬೇಕಿತ್ತು. ದಿನಾ ಎದುರಿಗೇ ಇರ್ತಾನಲ್ಲ ಅಂತ ಒಂದೂ ತೆಗೆಸಲಿಲ್ಲ." ಅವರ ಫೋನು ಗುಂಡಿ ಒತ್ತುವ ಕಾಲದ್ದು.

ಭಾವ ಮಾತು ಕೊಟ್ಟುಬಿಟ್ಟರು. ನಾನು ತೆಗೆದುಕೊಡಬಹುದಿತ್ತು, ಆದರೆ ನನಗೆ ನಾಯಿ ಕಂಡರೆ ಕೈಕಾಲು ಆಡುವುದಿಲ್ಲ. ಭಾವನೂ ಬಿಟ್ಟುಕೊಡುವ ಹಾಗಿರಲಿಲ್ಲ. "ಅವರು ಕೇಳಿದ್ದು ನನ್ನನ್ನ ಕಣೋ" ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಪಾರ್ಕಿನಲ್ಲಿ ಮುಖಕ್ಕಾಗಿ ಕಾದಾಟ. ಮೇಡಂ ದೊರೆಯನ್ನು ಕರೆದುಕೊಂಡು ಬರುವುದು, ಭಾವ ಹುಲ್ಲಿನ ಮೇಲೆ ಬೋರಲು ಬೀಳುವುದು, ದೊರೆ ಮೂಗೆತ್ತಿ ಒಂದು ಸಲ ಮೂಸಿ ತಿರುಗಿಬಿಡುವುದು. ಭಾವ ನಿಂಬೆಹಣ್ಣಿನಲ್ಲಿ ಕೈ ತಿಕ್ಕಿದರು. ಅಕ್ಕನ ಸ್ವೆಟರ್ ತೊಟ್ಟರು, ನನ್ನ ಟೋಪಿ ಹಾಕಿದರು. ಒಂದು ದಿನ ಬೆಂಚಿನ ಹಿಂದಿನ ಪೊದೆಯಲ್ಲಿ ಅಡಗಿದ್ದಾಗ, ಹೆಂಗಸರ ಸ್ವೆಟರಿನಲ್ಲಿ ಪೊದೆಯೊಳಗೆ ಏನು ಕೆಲಸ ಎಂದು ವಾಕಿಂಗ್ ಬಂದವರೊಬ್ಬರು ದಬಾಯಿಸಿದರು. ಮೇಡಂ ಬಂದು ಬಿಡಿಸಿಕೊಳ್ಳದಿದ್ದರೆ ಪೊಲೀಸರೇ ಬರುತ್ತಿದ್ದರು. ದೊರೆ ಇದನ್ನೆಲ್ಲ ನೋಡಲಿಲ್ಲ, ಆ ಕಡೆ ತಿರುಗಿ ಕೂತಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಅದಕ್ಕೆ ಓಡುವ ಶಕ್ತಿ ಉಳಿದಿರಲಿಲ್ಲ. ಭಾವನನ್ನು ಕಂಡರೆ ನಿಧಾನವಾಗಿ ತಿರುಗಿ, ಬೆನ್ನು ಮಾಡಿ ಕೂತುಬಿಡುತ್ತಿತ್ತು. ಓಡಿಹೋಗುವುದಕ್ಕಿಂತ ಅದು ಹೆಚ್ಚು ಅವಮಾನ. ಒಂದು ಸಂಜೆ ಭಾವ ಅಂಗಡಿಗೆ ಬಂದು, ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ಕುಳಿತರು.

"ಇಪ್ಪತ್ತಾರು ವರ್ಷ ಹಿಡ್ಕೊಂಡಿದೀನಿ ಕಣೋ. ಬಿದ್ದು ಪೆಟ್ಟಾಗದಿರಲಿ, ಸೂಜಿ ಮುರೀದಿರಲಿ ಅಂತ ಹಿಡ್ಕೊಂಡಿದ್ದು. ಒಂದಕ್ಕಾದ್ರೂ ಗೊತ್ತಾಗಬಾರದಾ?"

ಇಷ್ಟು ದಿನ ಹಲ್ಲು ಬಿಟ್ಟಿದ್ದ ನನಗೆ ಆ ಹೊತ್ತು ನಾಚಿಕೆಯಾಯಿತು. ಸಮಾಧಾನ ಮಾಡಲು ಹೋಗಿ ಹುಂಬನ ಹಾಗೆ, "ಕಂದು ನಾಯಿಗಳೆಲ್ಲ ಒಂದೇ ಥರ ಇರ್ತವೆ ಭಾವ, ಬೇರೆ ಯಾವುದರದ್ದಾದ್ರೂ ಮುಖ ಕೊಟ್ಟುಬಿಡೋಣ, ಕಂಪ್ಯೂಟರಿನಲ್ಲಿ ನಾನು ಕಿವಿ ಹರಿದುಕೊಡ್ತೀನಿ" ಎಂದೆ. ನನ್ನನ್ನೇ ಮೇಜಿನ ಮೇಲೆ ಹತ್ತಿಸಿ ಅದುಮಿ ಹಿಡಿಯುವವರಂತೆ ನೋಡಿದರು.

ಮುಂದಿನ ಮಂಗಳವಾರ ಬೆಳಿಗ್ಗೆ ಮೇಡಂ ದೊರೆಯನ್ನು ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ತಂದರು. ಅದಕ್ಕೆ ಉಸಿರೇ ಸಿಗುತ್ತಿರಲಿಲ್ಲ. ಇನ್ನು ನರಳಿಸುವುದು ಬೇಡ, ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋಣ ಎಂದರು ಡಾಕ್ಟರು. ಮೇಡಂಗೆ ನಿಲ್ಲಲಾಗಲಿಲ್ಲ, ಹೊರಗೆ ಬೆಂಚಿನ ಮೇಲೆ ಹೋಗಿ ಕುಳಿತರು. ಒಳಗೆ ಆದದ್ದನ್ನು ಭಾವ ನನ್ನೊಬ್ಬನಿಗೇ ಹೇಳಿದ್ದಾರೆ. ಎಂದಿನಂತೆ ಅವರೇ ಹಿಡಿದುಕೊಂಡಿದ್ದರು, ಅದುಮುವ ಅಗತ್ಯವಿರಲಿಲ್ಲ. ಡಾಕ್ಟರು ಔಷಧಿ ತುಂಬುತ್ತಿರುವಾಗ ದೊರೆ ಗದ್ದವನ್ನು ಭಾವನ ಮುಂಗೈ ಮೇಲಿಟ್ಟು, ಕಣ್ಣೆತ್ತಿ ಅವರನ್ನು ನೋಡಿತಂತೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತಿತ್ತು. ಎತ್ತರ ಸಮವಾಗಿತ್ತು, ಕಣ್ಣು ಸ್ಪಷ್ಟವಾಗಿತ್ತು, ಕಾದದ್ದೂ ಆಗಿತ್ತು. ಕ್ಯಾಮೆರಾ ಮೂರು ಹೆಜ್ಜೆಯಾಚೆ ಕಪಾಟಿನಲ್ಲಿತ್ತು. ಡಾಕ್ಟರು ಬೇಕಾದರೆ ಒಂದು ನಿಮಿಷ ತಡೆಯುತ್ತಿದ್ದರು. ಭಾವ ಕೈ ತೆಗೆಯಲಿಲ್ಲ.

"ನನ್ನನ್ನೇ ನೋಡ್ತು ಕಣೋ, ಕೊನೇ ತನಕ" ಎಂದರು ಭಾವ. ಅಷ್ಟು ವರ್ಷದಲ್ಲಿ ಅವರಿಗೆ ಸಿಕ್ಕ ಒಂದೇ ಒಂದು ನೋಟ ಅದು.

ಹದಿನೈದು ದಿನ ಬಿಟ್ಟು ಮೇಡಂ ಫೋಟೋ ಕೇಳಿಕೊಂಡು ಅಂಗಡಿಗೆ ಬಂದರು. ಭಾವನೂ ಅಲ್ಲೇ ಇದ್ದರು. ಸ್ಟೂಲಿನಿಂದ ಎದ್ದು, "ಹೊಟ್ಟೆಗೆ ಹಾಕ್ಕೊಳ್ಳಿ ಮೇಡಂ. ಮುಖದ್ದು ಒಂದೂ ಸಿಗಲಿಲ್ಲ" ಎಂದರು.

"ಇರೋದನ್ನೇ ತೋರಿಸಿ."

ದೊರೆಯ ನಲವತ್ತೊಂದು ಹಿಂಭಾಗಗಳನ್ನು ನಾನು ಒಂದೊಂದಾಗಿ ತೋರಿಸುತ್ತಾ ಹೋದೆ. ನನ್ನ ಅಂಗಡಿಯಲ್ಲಿ ಇಷ್ಟು ಮುಜುಗರದ ಪ್ರದರ್ಶನ ನಡೆದದ್ದಿಲ್ಲ. ಹತ್ತೊಂಬತ್ತನೆಯದಕ್ಕೆ ಮೇಡಂ ಕೈ ಎತ್ತಿದರು. ಪಾರ್ಕಿನ ಕಾಲುದಾರಿಯಲ್ಲಿ ದೊರೆ ಮುಂದೆ ಮುಂದೆ ಹೋಗುತ್ತಿತ್ತು. ಹರಿದ ಕಿವಿಯ ಅಂಚಿನಲ್ಲಿ ಹಳದಿ ಬೆಳಕು, ಎತ್ತಿದ ಬಾಲದ ಬಿಳಿ ತುದಿ, ಹೊರಕ್ಕೆ ಎಸೆದ ಸೊಟ್ಟ ಕಾಲು.

ಮೇಡಂ ಬಹಳ ಹೊತ್ತು ನೋಡಿದರು. "ಹನ್ನೆರಡು ವರ್ಷ ದಿನಾ ಎರಡು ಹೊತ್ತು ಇದನ್ನೇ ನೋಡ್ಕೊಂಡು ಹಿಂದೆ ನಡೆದಿದೀನಿ. ಮುಖ ಅವನು ತೋರಿಸ್ತಿದ್ದದ್ದು ಊಟಕ್ಕೆ ಮಾತ್ರ. ಇವನೇ ನಮ್ಮ ದೊರೆ. ದೊಡ್ಡದು ಮಾಡಿಕೊಡಿ, ಬಾಗಿಲ ಹತ್ರ ಅವನ ಬೆಲ್ಟು ಹಾಕ್ತಿದ್ದ ಮೊಳೆಗೆ ಹಾಕ್ತೀನಿ."

ಭಾವ ಇಷ್ಟಗಲ ಅರಳಿದರು. ನಾನು ಅಳತೆ ಬರೆದುಕೊಳ್ಳುತ್ತಿದ್ದೆ. ಹೊರಟಿದ್ದ ಮೇಡಂ ಬಾಗಿಲಲ್ಲಿ ನಿಂತರು.

"ಕೊನೇಲಿ ನಾನು ಎದ್ದು ಹೊರಗೆ ಹೋಗಿಬಿಟ್ಟೆ. ನಿಲ್ಲಬೇಕಿತ್ತು. ಅವನು ಆವಾಗ ಎಲ್ಲಿ ನೋಡ್ತಿದ್ದ?"

ಭಾವ ನನ್ನ ಮುಖ ನೋಡಲಿಲ್ಲ. ಒಂದು ಗಳಿಗೆ ತಮ್ಮ ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದುಕೊಂಡರು.

"ಬಾಗಿಲ ಕಡೇನೇ ನೋಡ್ತಿದ್ದ, ಮೇಡಂ" ಎಂದರು. "ನೀವು ಹೋದ ಕಡೆ."

ನಾನು ಫ್ರೇಮಿನ ಗಾಜು ಒರೆಸತೊಡಗಿದೆ.