ಪಾಲಿನ ಮರಿಗಳೂ ಒದ್ದೆ ಗೋಣಿಯೂ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಮೊಬೈಲು ನೋಡುತ್ತಾರೆ. ನಾನು ಕೋಳಿಮರಿಗಳ ಹಿಕ್ಕೆ ನೋಡುತ್ತೇನೆ. ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಅಭ್ಯಾಸವಲ್ಲ, ಗೊತ್ತು. ಆದರೆ ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮರಿಗಳ ಮೇಲೆ ಮುಚ್ಚಿದ್ದ ಬುಟ್ಟಿ ಎತ್ತಿದಾಗ ನಾನು ಕಂಡದ್ದನ್ನು ನೀವೂ ಕಂಡಿದ್ದರೆ, ನಿಮಗೂ ಇದೇ ಗತಿಯಾಗುತ್ತಿತ್ತು.

ಮರಿಗಳ ಕೆಳಗೆ ಹಾಸಿದ್ದ ಗೋಣಿಯ ಮೇಲೆ ಅಲ್ಲಲ್ಲಿ ಕೆಂಪು. ಕುಂಕುಮ ಚೆಲ್ಲಿರಬೇಕೆಂದು ಮುಟ್ಟಿದೆ. ಬೆರಳಿಗೆ ಹತ್ತಿದ್ದು ರಕ್ತ. ಎರಡು ಮರಿ ಕಾಲು ಚಾಚಿ ಸತ್ತಿದ್ದವು. ಉಳಿದವು ಪುಕ್ಕ ಉಬ್ಬಿಸಿ, ರೆಕ್ಕೆ ಇಳಿಬಿಟ್ಟು, ಕಂಬಳಿ ಹೊದ್ದ ಮುದುಕರ ಹಾಗೆ ಮುದುಡಿ ನಿಂತಿದ್ದವು. ಶಹಾಪುರದ ಮೇ ತಿಂಗಳಲ್ಲಿ ಚಳಿ ಹತ್ತಿದ ಜೀವವನ್ನು ನಾನು ನೋಡಿದ್ದು ಅದೇ ಮೊದಲು.

ಮರಿಗಳು ನನ್ನವೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಅವು ಪಾಲಿನವು. ತತ್ತಿ ನನ್ನವು, ಕಾವು ಕೊಟ್ಟ ಕೋಳಿ ಪಕ್ಕದ ಮನೆಯ ಮಲ್ಲಮ್ಮನದು, ಮರಿ ಸಾಕುವುದು ನನ್ನ ಅಂಗಳದಲ್ಲಿ. ಮರಿಗಳು ಗೋಡೆ ಹಾರುವಷ್ಟಾದ ಮೇಲೆ ಸಮಪಾಲು. ಅಲ್ಲಿಯವರೆಗೆ ಯಾವ ಮರಿ ಯಾರದೆಂದು ದೇವರಿಗೂ ಗೊತ್ತಿಲ್ಲ. ಮಲ್ಲಮ್ಮನ ಮಗಳು ಮದುವೆಯಾಗಿ ಸುರಪುರದಲ್ಲಿ ಹೊಸದಾಗಿ ಮನೆ ಹೂಡಿದ್ದಾಳೆ. ಅವಳಿಗೆ ಕೋಳಿ ಕೊಡುತ್ತೇನೆಂದು ತಾಯಿ ಮಾತು ಕೊಟ್ಟುಬಿಟ್ಟಿದ್ದಳು. ಹಾಗಾಗಿ ನನ್ನ ಬುಟ್ಟಿಯ ಕೆಳಗೆ ಸಾಯುತ್ತಿದ್ದದ್ದು ಬರೀ ಮರಿಗಳಲ್ಲ, ಒಬ್ಬ ತಾಯಿಯ ಮಾತು.

ಹಿಂದಿನ ದಿನ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಕುಕ್ಕಿರಬೇಕೆಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಕೋಳಿಗೆ ಖಾರ ತಿಳಿಯುವುದೇ ಇಲ್ಲವೆಂದು ಎಲ್ಲೋ ಓದಿದ್ದೆ. ವಾದ ಮಾಡುವ ಹೊತ್ತಲ್ಲವೆಂದು ಸತ್ತ ಮರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ಅದರ ಹೊಟ್ಟೆ ಕತ್ತರಿಸಿ ತೋರಿಸಿದರು. ಕರುಳಿನ ತುದಿಯ ಎರಡು ಕವಲುಗಳು ರಕ್ತ ತುಂಬಿ ಉಬ್ಬಿದ್ದವು. ಕಾಕ್ಸಿಡಿಯೋಸಿಸ್, ಅಂದರೆ ಮರಿಗಳ ರಕ್ತಭೇದಿ ಎಂದರು. ಕೆಳಗೇನು ಹಾಸಿದ್ದೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಗೋಣಿ, ಝಳ ತಾಗದಿರಲೆಂದು ದಿನಾ ನೀರು ಚಿಮುಕಿಸುತ್ತೇನೆ, ಅದರ ಮೇಲೆಯೇ ಜೋಳದ ನುಚ್ಚು ಉದುರಿಸುತ್ತೇನೆ.

ಅವರು ಕತ್ತರಿ ಕೆಳಗಿಟ್ಟರು. “ನೀವು ಮರಿ ಸಾಕಾಕತ್ತೀರೋ, ರೋಗ ಸಾಕಾಕತ್ತೀರೋ, ತಾಯಿ?”

ಆಮೇಲೆ ಬಿಡಿಸಿ ಹೇಳಿದರು. ಕಣ್ಣಿಗೆ ಕಾಣದ ಜೀವಿಯೊಂದು ಹಿಕ್ಕೆಯ ಜೊತೆ ಹೊರಬೀಳುತ್ತದೆ, ಹಸಿಯಲ್ಲಿ ಬಲಿಯುತ್ತದೆ, ನುಚ್ಚಿನ ಜೊತೆ ಮತ್ತೆ ಹೊಟ್ಟೆ ಸೇರಿ ಕರುಳು ಹರಿಯುತ್ತದೆ. ದೊಡ್ಡ ಕೋಳಿಗಳು ಅದನ್ನು ಹೊತ್ತುಕೊಂಡೇ ಗಟ್ಟಿಮುಟ್ಟಾಗಿ ಓಡಾಡುತ್ತವಂತೆ. ಏಟು ಬೀಳುವುದು ಮರಿಗಳಿಗೆ. ಒಣ ನೆಲದಲ್ಲಿ ಅದರ ಆಟ ಅಷ್ಟಾಗಿ ನಡೆಯದು. ನಾನೋ ಅದಕ್ಕೆ ನೆರಳು, ತೇವ, ಊಟ ಮೂರನ್ನೂ ಒಂದೇ ಗೋಣಿಯ ಮೇಲೆ ಬಡಿಸಿದ್ದೆ.

ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಕಡೆ ಅಕ್ಕರೆ ಎಂದರೆ ನೀರು. ಬಂದವರ ಹೆಸರು ಕೇಳುವ ಮೊದಲು ತಂಬಿಗೆ ನೀರು ಕೊಡುತ್ತೇವೆ. ಕುಡಿಯುವ ನೀರಿನ ಕೊಡಕ್ಕೆ ಒದ್ದೆ ಬಟ್ಟೆ, ಕಿಟಕಿಗೆ ಒದ್ದೆ ಗೋಣಿ, ಜ್ವರ ಬಂದ ಹಣೆಗೆ ಒದ್ದೆ ಪಟ್ಟಿ. ಕಾದ ಬಂಡೆಗಳ ನಡುವೆ ಬದುಕುವವರಿಗೆ ಒದ್ದೆ ಮಾಡುವುದೂ ಪ್ರೀತಿ ಮಾಡುವುದೂ ಬೇರೆ ಬೇರೆಯಲ್ಲ. ಅದೇ ಪ್ರೀತಿ ಮರಿಗಳ ಕರುಳು ಹರಿಯಿತೆಂದರೆ ನಂಬುವುದು ಹೇಗೆ?

ಮಲ್ಲಮ್ಮನಿಗೆ ಹೇಳಬೇಕಾಗಿತ್ತು. ಹೇಳಿದೆ. ಅವಳು ಬೈಯಲಿಲ್ಲ. ಗೋಣಿಯ ತುದಿ ಎತ್ತಿ ಹಿಂಡಿ ನೋಡಿದಳು.

“ಅಕ್ಕಾರ, ದಿನಾ ಮಧ್ಯಾಹ್ನ ನಾನೂ ಒಂದ್ ತಂಬಿಗಿ ನೀರು ಹೊಡದು ಹೋಗ್ತಿದ್ದೆನ್ರಿ. ನೀವು ಮಲಗಿರ್ತಿದ್ರಿ. ಝಳಕ್ಕ ಬಾಯಿ ಬಿಡಾಕತ್ತಿದ್ವು, ನೋಡಾಕ ಆಗಲಿಲ್ಲ.”

ಗೋಣಿ ಸಂಜೆಯವರೆಗೂ ಒಣಗದಿರುವುದನ್ನು ಕಂಡು, ನನ್ನ ಕೈಗುಣ ಎಂದುಕೊಂಡಿದ್ದೆನಲ್ಲ!

ಆಮೇಲೆ ನಮ್ಮಿಬ್ಬರಿಗೂ ಅದೊಂದೇ ಕೆಲಸ. ಗೋಣಿ ಸುಟ್ಟೆವು. ಪರಸಿ ಕಲ್ಲಿನ ನೆಲ ತಿಕ್ಕಿ, ಬಿಸಿಲಿಗೆ ಒಣಗಲು ಬಿಟ್ಟು, ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು ಹರಡಿದೆವು. ದಿನಾ ಅದನ್ನು ಕೆದಕಿ ತಿರುವಿ, ಹಸಿಯಾದಷ್ಟನ್ನು ಎತ್ತಿ ಬಿಸಾಡಿ ಹೊಸದು ಹಾಕಿದೆವು. ನುಚ್ಚು ತಟ್ಟೆಗೆ ಹೋಯಿತು. ನೀರಿನ ಬಟ್ಟಲು, ಮರಿಗಳು ಕಾಲಿಡದಂತೆ, ಇಟ್ಟಿಗೆಯ ಮೇಲೆ ಏರಿತು. ಡಾಕ್ಟರು ಕೊಟ್ಟ ಪುಡಿ ಕಲಸಿದ ನೀರನ್ನಷ್ಟೇ ಅವರು ಹೇಳಿದಷ್ಟು ದಿನ ಇಟ್ಟೆವು. ಮುದುಡಿದ ಮರಿಗಳಿಗೆ ಬೇರೆ ಬುಟ್ಟಿ. ಓಣಿಯ ದೊಡ್ಡ ಕೋಳಿಗಳಿಗೆ ನಮ್ಮ ಅಂಗಳ ಬಂದ್. ಝಳಕ್ಕೆ ಬೇವಿನ ನೆರಳೊಂದೇ ಸಾಕಾಯಿತು. ಆದರೂ ಇನ್ನೂ ಕೆಲವು ಸತ್ತವು. ಪ್ರತಿ ಬೆಳಿಗ್ಗೆ ಬುಟ್ಟಿ ಎತ್ತಿ ಹಿಕ್ಕೆಯಲ್ಲಿ ಕೆಂಪು ಇದೆಯೇ ಎಂದು ಮೊದಲು ನೋಡುತ್ತಿದ್ದೆ.

ಉಳಿದವು ಗೋಡೆ ಹಾರಿದ ದಿನ ಪಾಲಿಗೆ ಕೂತೆವು. ಸತ್ತವೆಲ್ಲ ನನ್ನ ಪಾಲಿನವು, ಉಳಿದವನ್ನೆಲ್ಲ ಮಗಳಿಗೆ ಕೊಡು ಎಂದೆ. ಮಲ್ಲಮ್ಮ ಒಪ್ಪಲಿಲ್ಲ.

“ನೀರು ಇಬ್ರೂ ಹೊಡದೀವಲ್ರಿ. ಸತ್ತವೂ ಪಾಲಿನವಾ” ಎಂದು ಸರಿಯಾಗಿ ಅರ್ಧವನ್ನಷ್ಟೇ ಬುಟ್ಟಿಗೆ ಹಾಕಿಕೊಂಡಳು. ಕೋಳಿಗಳ ಜೊತೆ ಅರ್ಧ ಚೀಲ ಹೊಟ್ಟೂ ಸುರಪುರಕ್ಕೆ ಹೋಯಿತು.

ಮೊನ್ನೆ ಅವಳ ಕೋಳಿ ಮತ್ತೆ ಕಾವಿಗೆ ಕೂತಿತು. ತತ್ತಿ ಕೇಳಲು ಉರಿಬಿಸಿಲಲ್ಲಿ ಬಂದವಳಿಗೆ ರೂಢಿಯಂತೆ ತಂಬಿಗೆ ನೀರು ಕೊಟ್ಟೆ. ಇಬ್ಬರ ಕಣ್ಣೂ ಮೂಲೆಯ ಬುಟ್ಟಿಯ ಕಡೆ ಹೋದವು. ಮಲ್ಲಮ್ಮ ಒಂದು ಹನಿಯನ್ನೂ ಬಿಡದೆ ಗಟಗಟ ಕುಡಿದು, ತಂಬಿಗೆಯನ್ನು ನನ್ನ ಮುಂದೆ ಬೋರಲು ಹಿಡಿದು ತೋರಿಸಿದಳು. ನಾನು ತತ್ತಿ ತರಲು ಒಳಗೆ ಹೋದೆ.